ಶ್ರಾವಣದಲ್ಲಿ ತಿರುಗಿ ಕೊಟ್ಟ ಡಬ್ಬಿ

ಎಳ್ಳಮಾಸಿ ಹಬ್ಬಕ್ಕೆ ಮೂರು ದಿನ ಉಳಿದಿತ್ತು. ನಾನು ಒಲೆಯ ಮುಂದೆ ಕುಳಿತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಟ್ಟುತ್ತಿದ್ದೆ. ಒಂದನ್ನು ಹಂಚಿನ ಮೇಲೆ ಹಾಕಿ ನೀರು ಸವರುತ್ತಿದ್ದಾಗ ತಂಗಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಕಾಲಲ್ಲಿ ಚಪ್ಪಲಿ ಹಾಗೇ ಇದ್ದವು. ಅಡುಗೆಮನೆಗೆ ಅವಳು ಚಪ್ಪಲಿ ಮೆಟ್ಟಿಕೊಂಡು ಬಂದದ್ದು ಅದೊಂದೇ ಸಲ.

"ಅಕ್ಕಾ, ಈ ಸಲ ಐತಿ ಅಂತ ಬಂತು," ಅಂದಳು.

ಕೈಯಲ್ಲಿ ಸರಕಾರಿ ದವಾಖಾನೆಯ ಕಾಗದ ಇತ್ತು. ಎಚ್‌ಐವಿ ಪರೀಕ್ಷೆಯದು. ಅದಕ್ಕೂ ಮೊದಲು ಎರಡು ಸಲ ಅವಳ ರಕ್ತ ನೋಡಿ ಇಲ್ಲ ಎಂದಿದ್ದರು. ನಾನು ಹಿಟ್ಟಿನ ಕೈಯಲ್ಲೇ ಅವಳ ಮುಖ ನೋಡುತ್ತ ಕುಳಿತುಬಿಟ್ಟೆ. ಅವಳೇ ಹೇಳಿದಳು: "ರೊಟ್ಟಿ ತಿರುವಿ ಹಾಕ, ಹತ್ತತೈತಿ."

ತಿರುವಿ ಹಾಕಿದೆ.

ಅವ್ವ ತೀರಿಕೊಂಡ ಮೇಲೆ ಈ ತಂಗಿಗೆ ತವರುಮನೆ ಅಂದರೆ ನನ್ನ ಮನೆ. ನಮ್ಮಿಬ್ಬರನ್ನೂ ಮುದ್ದೇಬಿಹಾಳಕ್ಕೇ ಕೊಟ್ಟಿದ್ದರು. ಎರಡು ಓಣಿ ದಾಟಿದರೆ ಅವಳ ಮನೆ. ಗಂಡ ಗೌಂಡಿ. ಗೋವಾದಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದ, ಹಬ್ಬಕ್ಕೆ ಊರಿಗೆ ಬರುತ್ತಿದ್ದ. ಕೆಟ್ಟವನು ಎನ್ನಲು ನನಗೆ ಬಾಯಿ ಬರುವುದಿಲ್ಲ. ಮಗಳಿಗೆ ಕಪ್ಪೆಚಿಪ್ಪಿನ ಸರ ತರುತ್ತಿದ್ದ, ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಒಂದು ಚಳಿಗಾಲ ಕೆಮ್ಮು, ಜ್ವರ ಬಿಡಲಿಲ್ಲ. ವಿಜಾಪುರದ ದೊಡ್ಡ ದವಾಖಾನೆಯಲ್ಲಿ ಟಿಬಿ ಅಂದರು. ಅದರ ಜೊತೆಗೆ ಇದೂ ಇದೆ ಅಂದರು. ತಂಗಿಯ ರಕ್ತ ತೆಗೆದರು, ಐದು ವರ್ಷದ ಮಗಳ ರಕ್ತವನ್ನೂ ತೆಗೆದರು. ಇಬ್ಬರಿಗೂ ಇರಲಿಲ್ಲ. ನಾನು ದವಾಖಾನೆಯ ಕಟ್ಟೆಯ ಮೇಲೆ ಕೊರಳಿನ ಲಿಂಗ ಹಿಡಿದು ಕುಳಿತಿದ್ದೆ. ಒಬ್ಬನಿಗೆ ಬಂತು, ಇಬ್ಬರನ್ನು ಉಳಿಸಿದೆಯಪ್ಪ, ಇಷ್ಟಾದರೂ ಮಾಡಿದೆ ಅಂದುಕೊಂಡೆ. ಸಣ್ಣದಿರಲಿ ದೊಡ್ಡದಿರಲಿ, ಅವನು ಮಾಡಿದ ಉಪಕಾರವನ್ನು ಬಿಡದೆ ನೆನೆಸಬೇಕು ಎಂದು ಅವ್ವ ನಮಗೆ ಕಲಿಸಿದ್ದಳು.

ತಂಗಿಯ ಅತ್ತೆಯ ಮುಂದೆ ಮಗನದು ಟಿಬಿ ಎಂದಷ್ಟೇ ಹೇಳಿದೆವು. ಪೂರಾ ಹೇಳಿದ್ದರೆ ಮಗನಿಗೆ ಬಂದದ್ದು ಸೊಸೆಯಿಂದಲೇ ಎಂದು ಆ ಮುದುಕಿ ಓಣಿ ತುಂಬ ಸಾರುತ್ತಿದ್ದಳು.

ನಮ್ಮೂರ ದವಾಖಾನೆಯ ರಕ್ತ ತಪಾಸಣೆಯ ಕೋಣೆಯಲ್ಲಿ ಒಬ್ಬಳು ನರ್ಸಬಾಯಿ ಇದ್ದಳು. ಸಿಂದಗಿ ಅವಳ ತವರು. ತಂಗಿಯ ಗಂಡ ವಿಜಾಪುರದಿಂದ ಬಂದು ಸ್ವಲ್ಪ ಸುಧಾರಿಸಿದ ಮೇಲೆ ತಂಗಿ ಈ ನರ್ಸಬಾಯಿಯನ್ನು ಕಾಣಲು ಹೊರಟಳು, ಜೊತೆಗೆ ನಾನು. ನರ್ಸಬಾಯಿ ಬಾಗಿಲು ಹಾಕಿ, ಟೇಬಲ್ ಮೇಲೆ ಎರಡು ಪಾಕೀಟು ಇಟ್ಟಳು.

"ಇದು ಗಂಡಸರು ಹಾಕ್ಕೊಳ್ಳೂದು. ನಿಮಗ ಗೊತ್ತಿರೂದ. ಇದು ಹೆಣಮಕ್ಕಳು ತಾವ ಒಳಗ ಇಟ್ಕೊಳ್ಳೂದು. ಹೊಸಾದು, ನಮಗ ಬಾಳ ಬರೂದಿಲ್ಲ, ವಿಜಾಪುರದಾಗ ಬೇಡಿ ತಂದೇನಿ. ಮೂರನೇದು ಟೇಬಲ್ ಮ್ಯಾಲಿಲ್ಲ. ಬ್ಯಾಡ ಅನ್ನೂದು, ಬ್ಯಾರೆ ಮಲಗೂದು. ನಿಮ್ಮ ಮನ್ಯಾಗ ಯಾವುದು ನಡೀತೈತಿ, ಹೇಳ್ರಿ."

"ಮೊದಲನೇದ ಸಾಕ್ರಿ ಆಕಿಗೆ," ಅಂದೆ ನಾನು.

"ನಿಮಗ ಕೇಳಿಲ್ರಿ ಅಕ್ಕಾರ. ಅವರಿಗೆ ಕೇಳೇನಿ."

ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ತಂಗಿ ಎರಡನೆಯ ಪಾಕೀಟು ಒಡೆದು ಬಿಡಿಸಿದಳು. ತೆಳುವಾದ ಚೀಲ, ಎರಡೂ ತುದಿಗೆ ಬಳೆಯಂಥ ಉಂಗುರ. ಅವಳಿಗೆ ಮೊದಲಿನಿಂದಲೂ ನಗೆ ತಡೆಯಲು ಬರುವುದಿಲ್ಲ.

"ಎಷ್ಟ ದೊಡ್ಡದೈತ್ರಿ ಇದು! ಸಂತಿಗೆ ಒಯ್ಯಬಹುದು."

"ಒಯ್ರಿ, ಉಳ್ಳಾಗಡ್ಡಿ ಹಿಡೀತಾವ," ಅಂದಳು ನರ್ಸಬಾಯಿ.

"ಸಪ್ಪಳ ಆಗ್ತೈತೇನ್ರಿ?"

"ಸ್ವಲ್ಪ ಆಗ್ತೈತಿ. ರೇಡಿಯೋ ಹಚ್ರಿ."

ಇಬ್ಬರೂ ಸೆರಗು ಬಾಯಿಗಿಟ್ಟು ನಕ್ಕರು. ಗಂಡನ ರೋಗ ತಿಳಿದ ಮೇಲೆ ತಂಗಿ ನಕ್ಕದ್ದನ್ನು ನಾನು ಅಂದೇ ನೋಡಿದ್ದು. ನಗು ನಿಂತ ಮೇಲೆ ಅವಳು ಹೇಳಿದಳು: "ಗಂಡಸರದು ನಮ್ಮನಿಯವರ ಮನಸ್ಸಿನ ಮ್ಯಾಲೆ ಐತ್ರಿ. ಮನ್ನೆ ಕೇಳಿದ್ರ, ಹೆಣ್ತಿ ಕೂಡ ಇರಾಕೂ ಸರಕಾರದ ಸಾಮಾನ ಬೇಕೇನು ಅಂದ್ರು. ಬ್ಯಾಡ ಅನ್ನೂದು ಒಂದ ದಿನ ನಡೀತೈತಿ, ಎರಡನೇ ದಿನ ನಡಿಯೂದಿಲ್ಲ. ಇದು ನನ್ನ ಕೈಯಾಗ ಇರ್ತೈತಿ. ಇದನ್ನ ಕೊಡ್ರಿ. ಅದೂ ನಾಕ ಇರ್ಲಿ, ಮನಸ್ಸ ಬಂದ್ರ ಹಾಕ್ಕೊಳ್ಳಲಿ."

ನರ್ಸಬಾಯಿ ಎಲ್ಲವನ್ನೂ ಕಾಗದದಲ್ಲಿ ಸುತ್ತಿಕೊಟ್ಟಳು. ಅತ್ತೆ ತಂಗಿಯ ಟ್ರಂಕು, ಹಾಸಿಗೆ, ಅಕ್ಕಿಯ ಗಡಿಗೆಯನ್ನೂ ಬಿಡದೆ ತಡಕುವವಳು. ಅದಕ್ಕೆ ಆ ಗಂಟು ನನ್ನ ಮನೆಗೆ ಬಂತು. ಹಳೆಯ ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿ, ಅಡುಗೆಮನೆಯ ಗೋಡೆಯ ಮೇಲ್ಗಡೆಯ ಮಾಡದಲ್ಲಿ ಶಾವಿಗೆ ಡಬ್ಬಿಯ ಹಿಂದೆ ಇಟ್ಟೆ. ಮತ್ತೆ ಗೋವಾಕ್ಕೆ ದುಡಿಯಲು ಹೋದ ಗಂಡ ಹಬ್ಬಕ್ಕೆ ಬಂದಾಗ ತಂಗಿ ಮೊಸರು ಕೇಳುವ ನೆಪದಲ್ಲಿ ಬಂದು ಎರಡೋ ಮೂರೋ ಕುಪ್ಪಸದಲ್ಲಿಟ್ಟುಕೊಂಡು ಹೋಗುತ್ತಿದ್ದಳು. ಯುಗಾದಿಗೆ ಹಾಗೆ ಆಯಿತು, ಕಾರಹುಣ್ಣಿಮೆಗೆ ಹಾಗೆ ಆಯಿತು.

"ಅವರಿಗೆ ಗೊತ್ತಾತು ಅಕ್ಕಾ," ಅಂದಳು ಒಮ್ಮೆ. "ಮಾರಿ ಗೋಡಿ ಕಡೆ ಮಾಡಿ ಮಲಗಿದ್ರು. ಅಷ್ಟೊತ್ತಾದ ಮ್ಯಾಲೆ ತಾವ ತಿರುಗಿದ್ರು. ಏನೂ ಅನ್ನಲಿಲ್ಲ." ಕಾರಹುಣ್ಣಿಮೆಯ ನಂತರ ರಕ್ತ ನೋಡಿದರು. ಇಲ್ಲ ಎಂದೇ ಬಂತು. ನಾನು ಆ ದಿನ ಗೋದಿ ಹುಗ್ಗಿ ಮಾಡಿದೆ. ಯಾತಕ್ಕೆ ಹುಗ್ಗಿ ಎಂದು ನಮ್ಮ ಮನೆಯವರು ಕೇಳಿದರೆ, ಮಳೆ ಆತಲ್ಲ ಅಂದೆ.

ಶ್ರಾವಣ ಹತ್ತಿರ ಬಂತು. ಆ ವರ್ಷ ನಾನು ತಂಗಿಯ ಸಲುವಾಗಿ ಹರಕೆ ಹೊತ್ತೆ. ತಿಂಗಳು ಪೂರ್ತಿ ಬೆಳಿಗ್ಗೆ ತಣ್ಣೀರು ಮಿಂದು, ಒಪ್ಪತ್ತು ಉಂಡು, ಕೊನೆಯ ಸೋಮವಾರ ಬಾಗೇವಾಡಿಗೆ ಹೋಗಿ ಬಸವಣ್ಣನಿಗೆ ದೀಪ ಹಚ್ಚುವುದು. ಅವಳ ರಕ್ತದಲ್ಲಿ ಹೀಗೇ ಏನೂ ಬರದಿರಲಿ ಎಂದು. ಹರಕೆ ಅಂದ ಮೇಲೆ ಮನೆ ಮಡಿಯಾಗಬೇಕು. ಪಾತ್ರೆಪಗಡ ಎಲ್ಲ ಹೊರಗೆ ಹಾಕಿ ತೊಳೆದೆ, ಗೋಡೆಗೆ ಸುಣ್ಣ ಬಳಿದೆ. ಮಾಡ ಒರೆಸಲು ಏಣಿ ಹತ್ತಿದಾಗ ಆ ಡಬ್ಬಿ ಕೈಗೆ ಸಿಕ್ಕಿತು. ನೋಡಿದರೆ ಅದು ಇದ್ದದ್ದು ದೇವರ ಜಗಲಿಯ ನೆತ್ತಿಯ ಮೇಲೇ. ಅಷ್ಟು ದಿನ ನನಗೆ ಅದು ಹೊಳೆದಿರಲಿಲ್ಲ. ಆ ತಿಂಗಳು ಜಂಗಮರು ಪ್ರಸಾದಕ್ಕೆ ಬರುವವರು. ಅವರ ತಲೆಯ ಮೇಲೆ ಇಂಥದ್ದು.

ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೇರ ದವಾಖಾನೆಗೆ ಹೋದೆ.

"ಶ್ರಾವಣ ಮುಗಿಯೂತನಕ ನಿಮ್ಮ ಹಂತ್ಯಾಕ ಇರ್ಲಿ," ಅಂದೆ.

ನರ್ಸಬಾಯಿ ಡಬ್ಬಿ ಮುಟ್ಟಲಿಲ್ಲ. "ಒಂದ ತಿಂಗಳ ಅಂದ್ರ ಹೆಂಗ್ರಿ ಅಕ್ಕಾರ? ನಿಮ್ಮ ತಂಗಿಗೆ ಕೇಳಿರೇನು?"

"ಕೇಳೇನ್ರಿ. ಆಕೀನ ಕೊಟ್ಟ ಬಾ ಅಂದಾಳ."

ಇಷ್ಟು ಸರಾಗವಾಗಿ ಸುಳ್ಳು ನನ್ನ ಬಾಯಲ್ಲಿ ಹೇಗೆ ಬಂತೋ. ಶ್ರಾವಣದಲ್ಲಿ ಗಂಡ ಹೆಂಡತಿ ಕೂಡುವವರು ಯಾರು, ತಂಗಿಯೂ ಹೂಂ ಅನ್ನುವವಳೇ, ಕೇಳುವುದೇನು ಎಂದು ನನ್ನ ಲೆಕ್ಕ. ಚಿಕ್ಕಂದಿನಿಂದ ಅವಳ ಸೀರೆಯ ಬಣ್ಣ, ಅವಳ ಜಡೆಯ ಹೂವು, ಎಲ್ಲಕ್ಕೂ ಉತ್ತರ ಕೊಟ್ಟು ರೂಢಿಯಾಗಿತ್ತು. ನರ್ಸಬಾಯಿ ಡಬ್ಬಿ ತೆಗೆದುಕೊಂಡು ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು.

ನಾಗರ ಪಂಚಮಿಗೆ ತಂಗಿಯ ಗಂಡ ಬಂದ. ಬರುವುದಿಲ್ಲ ಎಂದವನು, ಗೋವಾದಲ್ಲಿ ಮಳೆಗೆ ಕೆಲಸ ನಿಂತಿದೆ ಎಂದು ಬಂದುಬಿಟ್ಟ. ಮಧ್ಯಾಹ್ನ ನಾನು ಶೇಂಗಾ ಉಂಡಿ ಕಟ್ಟುತ್ತಿದ್ದೆ. ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು, ಓಣಿಯ ಹುಡುಗಿಯರು ಕೂಗಾಡುತ್ತಿದ್ದರು. ತಂಗಿ ಬಂದು ಸೀದಾ ಮಾಡದ ಕಡೆ ನೋಡಿದಳು.

"ಅಕ್ಕಾ, ಡಬ್ಬಿ ಎಲ್ಲಿ?"

"ನರ್ಸಬಾಯಿ ಹಂತ್ಯಾಕ ಐತಿ. ಶ್ರಾವಣ ಮುಗದ ಮ್ಯಾಲೆ ತರ್ತೇನಿ."

"ಅವರು ಬಂದಾರ."

"ಬರ್ಲಿ. ಶ್ರಾವಣದಾಗ ಏನವ್ವಾ?"

"ಶ್ರಾವಣ ನಿನಗ ಐತಿ, ನನಗ ಐತಿ. ಗೋವಾದಿಂದ ಬಂದವರಿಗೆ ಎಲ್ಲೀ ಶ್ರಾವಣ?"

ಕೈ ತೊಳೆದು ದವಾಖಾನೆಗೆ ಓಡಿದೆ. ಪಂಚಮಿ ಸೂಟಿ. ನರ್ಸಬಾಯಿ ವಾರ ರಜೆ ಹಾಕಿ ಸಿಂದಗಿಗೆ ತವರಿಗೆ ಹೋಗಿದ್ದಳು, ಕೀಲಿಯೂ ಅವಳ ಜೊತೆ. ಔಷಧದ ಅಂಗಡಿಯಲ್ಲಿ ಗಂಡಸರದಾದರೂ ಸಿಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಅಂಗಡಿಯ ಮುಂದೆ ಹೋಗಿ ನಿಂತೆ. ಒಳಗಿದ್ದವರು ನಮ್ಮ ಮನೆಯವರ ಜೊತೆ ದಿನಾ ಚಹಾ ಕುಡಿಯುವವರು. "ಏನ ಬೇಕ್ರಿ ವೈನಿ?" ಅಂದರು. ತಲೆನೋವಿನ ಗುಳಿಗೆ ಕೇಳಿ ತೆಗೆದುಕೊಂಡು ಬಂದೆ.

"ಇಲ್ಲೇ ಮಲಕೋ ಇವತ್ತ," ಅಂದೆ ತಂಗಿಗೆ. "ಪಂಚಮಿಗೆ ತವರಿಗೆ ಬಂದೇನಿ ಅನ್ನು."

"ಎರಡ ಓಣಿ ಆಚೆ ಗಂಡನ್ನ ಬಿಟ್ಟು? ಅತ್ತಿ ನನ್ನ ಹಾಸಿಗಿ ಇಲ್ಲಿಗೇ ತಂದು ಒಗೀತಾಳ." ಅವಳು ಸಿಟ್ಟು ಮಾಡಲಿಲ್ಲ. ಮಗಳಿಗೆಂದು ಎರಡು ಉಂಡಿ ತೆಗೆದುಕೊಂಡಳು. "ನೋಡ್ತೇನಿ ಬಿಡು. ಬ್ಯಾಡ ಅಂತ ಹೇಳಿ ನೋಡ್ತೇನಿ."

ಎರಡು ದಿನ ಅವನು ಅವಳ ಮಾತು ಕೇಳಿದ. ಅವನು ಊರಲ್ಲಿದ್ದದ್ದು ಐದು ದಿನ. ಇದಕ್ಕಿಂತ ಹೆಚ್ಚು ಅವಳು ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ಐದೂ ದಿನ ನಾನು ಬೆಳಿಗ್ಗೆ ತಣ್ಣೀರು ಮಿಂದೆ. ಸಂಜೆ ಮಠದಲ್ಲಿ ಪುರಾಣ ಇತ್ತು. ಮೈಮೇಲೆ ಲಿಂಗ ಇದ್ದವರಿಗೆ ಯಾವ ಸೂತಕವೂ ಇಲ್ಲ, ಯಾವ ಮೈಲಿಗೆಯೂ ಇಲ್ಲ ಎಂದು ಸ್ವಾಮಿಗಳು ಹೇಳಿದರು. ಎಲ್ಲರ ಜೊತೆ ನಾನೂ ತಲೆಯಾಡಿಸಿದೆ. ತಂಗಿಯ ಕೊರಳಲ್ಲೂ ಹಗಲು ರಾತ್ರಿ ಲಿಂಗ ಇದೆ, ಹಾಗಾದರೆ ಆ ಡಬ್ಬಿಯಲ್ಲಿ ಮೈಲಿಗೆಯಾದದ್ದು ಏನಿತ್ತು ಎಂದು ಅಲ್ಲಿ ಕುಳಿತವಳಿಗೆ ಹೊಳೆಯಲಿಲ್ಲ. ಹೊಳೆದದ್ದು ಎಷ್ಟೋ ದಿನ ಬಿಟ್ಟು, ಜೋಳ ಹಸನು ಮಾಡುವಾಗ. ಮೊರ ಕೆಳಗಿಟ್ಟು ಅತ್ತುಬಿಟ್ಟೆ.

ತಂಗಿಗೆ ರೋಗ ಯಾವ ದಿನ ಬಂತು ಎಂದು ಹೇಳಲು ಆಗುವುದಿಲ್ಲ, ಹಿಂದಿನದೂ ಇರಬಹುದು, ಆಗ ಪರೀಕ್ಷೆಯಲ್ಲಿ ಕಂಡಿರಲಿಕ್ಕಿಲ್ಲ, ಆ ಚೀಲವೂ ನೂರಕ್ಕೆ ನೂರು ಕಾಯುತ್ತದೆ ಎಂದಿಲ್ಲ ಎಂದು ನರ್ಸಬಾಯಿ ಆಮೇಲೆ ನನಗೆ ಎಷ್ಟೋ ಸಲ ಹೇಳಿದಳು. ಪುಣ್ಯಾತ್ಗಿತ್ತಿ, ಅದು ನನ್ನ ಸಮಾಧಾನಕ್ಕೆ ಹೇಳುವ ಮಾತು. ಅವಳ ಆ ದಯೆಯನ್ನೂ ನೆನೆಸುತ್ತೇನೆ. ತಂಗಿ ಈಗ ವಿಜಾಪುರದಿಂದ ಗುಳಿಗೆ ತಂದು ನುಂಗುತ್ತಾಳೆ, ಹೊಲದ ಕೆಲಸಕ್ಕೆ ಹೋಗುತ್ತಾಳೆ, ಮಗಳಿಗೆ ಇಲ್ಲ. ಇವೂ ಉಪಕಾರಗಳೇ. ಪೂಜೆಗೆ ಕುಳಿತಾಗ ಒಂದೊಂದೇ ನೆನೆಸಿ ಕೈಮುಗಿಯುತ್ತೇನೆ. ಆದರೆ ಡಬ್ಬಿಯ ಹತ್ತಿರ ಬಂದಾಗ ನೆನೆಸುವುದು ನಿಂತುಹೋಗುತ್ತದೆ.

ಎಳ್ಳಮಾಸಿಗೆ ಮೂರು ದಿನ ಉಳಿದಿದ್ದ ಆ ದಿನ, ಒಲೆಯ ಮುಂದೆ, ತಂಗಿ ನನ್ನ ಎದುರಿಗೆ ಕುಳಿತಳು. ಚಪ್ಪಲಿ ನೆನಪಾಗಿ ಬಿಚ್ಚಿ ಹೊರಗೆ ಎಸೆದಳು. ನಾನು ಹಿಟ್ಟು ನೋಡುತ್ತ ಹೇಳಿದೆ: "ತಿರುಗಿ ಕೊಡಾಕ ಹೋದಾಗ ನರ್ಸಬಾಯಿ ಕೇಳಿದ್ಲು, ತಂಗಿಗೆ ಕೇಳಿರೇನು ಅಂತ. ಕೇಳೇನಿ ಅಂದೆ. ನಾ ನಿನಗ ಕೇಳಿರಲಿಲ್ಲ."

"ಗೊತ್ತೈತಿ."

"ಹೆಂಗ?"

"ಇವತ್ತ ಆಕಿ ಕೇಳಿದ್ಲು, ನೀವ ಯಾಕ ತಿರುಗಿ ಕಳಿಸಿದ್ರಿ ಅವತ್ತ ಅಂತ. ಹೌದ್ರಿ, ನಾನ ಕಳಿಸಿದ್ದೆ ಅಂದೇನಿ."

"ಯಾಕ ಹಂಗ ಅಂದಿ ನೀ?"

"ಮತ್ತೇನ ಅನ್ಲಿ? ಇನ್ನ ಮ್ಯಾಲೆ ತಿಂಗಳ ತಿಂಗಳ ಆ ಕೋಣಿಗೆ ಹೋಗಬೇಕು. ನನ್ನ ಕೂಡ ಬರಾಕಿ ನೀ ಒಬ್ಬಾಕೀನ. ನಿನಗ ಆಕಿ ಮುಂದ ಮಾರಿ ಎತ್ತಾಕ ಬರಬೇಕಲ್ಲ."

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಒಲೆಯೊಳಗಿನ ಕಟ್ಟಿಗೆ ಹಿಂದಕ್ಕೆ ಎಳೆದು ಉರಿ ಸಣ್ಣ ಮಾಡಿದಳು.

"ಒಂದ ಮಾತ ಕೇಳಬೇಕಿತ್ತ ಅಕ್ಕಾ," ಅಂದಳು. "ದನದ ಕೊಟ್ಟಿಗ್ಯಾಗ ಇಡು ಅಂತಿದ್ದೆ. ಅಷ್ಟ."

ಎಳ್ಳಿನ ತಟ್ಟೆಯಲ್ಲಿದ್ದ ಕಲ್ಲು ಆರಿಸಿ ತೆಗೆದಳು. ಆಮೇಲೆ ಕಾಗದ ಮಡಚಿ ಕುಪ್ಪಸದಲ್ಲಿಟ್ಟುಕೊಂಡು ಎದ್ದಳು. "ಇವತ್ತ ಅತ್ತಿಗೆ ಹೇಳ್ತೇನಿ. ಅವರದೂ ಹೇಳ್ತೇನಿ, ನಂದೂ ಹೇಳ್ತೇನಿ. ಮುಚ್ಚಿ ಇಟ್ಟು ಇಟ್ಟು ಸಾಕಾಗೈತಿ."

ನಾನು ಕೈ ತೊಳೆದುಕೊಂಡು ಅವಳ ಹಿಂದೆ ಹೊರಡಲು ಎದ್ದೇ ಬಿಟ್ಟಿದ್ದೆ. ಬಾಗಿಲ ತನಕ ಹೋಗಿ ನಿಂತೆ.

"ನಾ ಬರ್ಲೇನು?" ಎಂದು ಕೇಳಿದೆ.

ಅವಳು ತಿರುಗಿ ನೋಡಿದಳು. "ಬ್ಯಾಡಕ್ಕಾ. ನಾನ ಹೇಳ್ತೇನಿ."

ಹೋದಳು. ನಾನು ಹೋಗಲಿಲ್ಲ. ಅವಳು ಮೊದಲ ಓಣಿಯ ಮೂಲೆ ತಿರುಗುವ ತನಕ ಕಂಡಳು, ಆಮೇಲೆ ಕಾಣಲಿಲ್ಲ. ಅಲ್ಲಿಂದ ಯಾವ ದನಿಯಾದರೂ ಕೇಳಿಸೀತೇ ಎಂದು ನಿಂತುಕೊಂಡೆ. ಎದುರು ಮನೆಯಾಕೆ ಕೂಗಿದಳು: "ನಳಾ ಬಂದಾವ್ರವ್ವೋ! ಇವತ್ತ ಬಾಳ ಹೊತ್ತ ಬಿಡೂದಿಲ್ಲಂತ!" ನಮ್ಮ ಓಣಿಗೆ ನೀರು ಬಂದು ಐದು ದಿನವಾಗಿತ್ತು. ಒಳಗೆ ಹೋಗಿ ಎರಡೂ ಕೊಡ ತೆಗೆದುಕೊಂಡು ಪಾಳಿ ಹಚ್ಚಲು ಹೋದೆ.