ಪುಟ್ಟತ್ತೆ ಹೆಣೆದ ತಾಂಬೂಲದ ಬುಟ್ಟಿಗಳು

ಮೈದಾಹಿಟ್ಟಿನ ಅಂಟು ಕುದಿಯುವಾಗ ಬರುವ ವಾಸನೆಯನ್ನು ನೀವು ಬಲ್ಲಿರಾದರೆ ನನ್ನ ಸಂಕಟ ನಿಮಗೆ ಅರ್ಥವಾದೀತು. ಬೆಂದ ಹಿಟ್ಟಿನ ಮಂಕು ವಾಸನೆ, ಹುಳ ಹಿಡಿಯದಿರಲೆಂದು ಹಾಕಿದ ಮೈಲುತುತ್ತದ ಘಾಟು, ತಳ ಹಿಡಿದ ಪಾತ್ರೆಯ ಕಮಟು, ಮೂರೂ ಸೇರಿದ್ದು. ಹೋದ ತಿಂಗಳು ಗುಂಡ್ಲುಪೇಟೆಯಿಂದ ಬಂಡೀಪುರಕ್ಕೆ ಹೋಗುವ ದಾರಿಯಲ್ಲಿ ಒಂದು ರೆಸಾರ್ಟಿನ ಮದುವೆಗೆ ಹೋಗಿದ್ದೆ. ಹಳೇ ಕಾಲದ ಹಳ್ಳಿ ಮದುವೆಯಂತೆ. ಬಾಗಿಲಲ್ಲೇ ಇಬ್ಬರು ಹುಡುಗಿಯರು ಆ ಅಂಟು ಬಳಿದು ಹುರಿಗೆ ಬಣ್ಣದ ಕಾಗದ ಅಂಟಿಸುತ್ತಿದ್ದರು. ಹೊರಡುವಾಗ ಕೈಗೊಂದು ಪುಟ್ಟ ಬುಟ್ಟಿ ಕೊಟ್ಟರು. ಅದಕ್ಕೊಂದು ಚೀಟಿ ಕಟ್ಟಿತ್ತು: 'ಕೈಯಿಂದ ಮಾಡಿದ್ದು'. ಯಾರ ಕೈ ಎಂದು ಬರೆದಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಬುಟ್ಟಿಯನ್ನು ಅಲ್ಲೇ ಕುರ್ಚಿಯ ಮೇಲಿಟ್ಟು ಬಂದೆ. ಜೊತೆಗಿದ್ದವರು ನನಗೆ ವಯಸ್ಸಾಯಿತೆಂದು ನಕ್ಕರು.

ತೆರಕಣಾಂಬಿಯ ನಮ್ಮ ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ನಾನು ಮತ್ತು ಅಪ್ಪನ ಇಬ್ಬರು ತಂಗಿಯರು ಇದ್ದೆವು. ದೊಡ್ಡವಳು ಪುಟ್ಟತ್ತೆ, ಚಿಕ್ಕವಳು ಗೌರತ್ತೆ. ಪುಟ್ಟತ್ತೆಗೆ ಎಳವೆಯಲ್ಲೇ ಜ್ವರ ಬಂದು ಎಡಗಾಲು ಸೊರಗಿತ್ತು. ಮೊಣಕಾಲಿನ ಮೇಲೆ ಕೈಯೂರಿ ಒಂದೊಂದೇ ಹೆಜ್ಜೆ ಎತ್ತಿಡಬೇಕಿತ್ತು. ಅವಳಿಗೆ ಗಂಡು ಸಿಗಲಿಲ್ಲ ಎಂದು ಅಜ್ಜಿ ಎಲ್ಲರಿಗೂ ಹೇಳುತ್ತಿದ್ದಳು. ಹುಡುಕಿದ್ದನ್ನು ಯಾರೂ ನೋಡಿರಲಿಲ್ಲ. ಆದರೆ ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಚಪ್ಪರಕ್ಕೆ ಕಟ್ಟಲು ಮೈದಾ ಅಂಟು ಕುದಿಸಿ ಅಂಟಿಸಿದ ಕಾಗದದ ತೋರಣ, ತೆಂಗಿನಗರಿಯ ಗಿಳಿಗಳು, ಬಣ್ಣ ಬಳಿದ ಕೊಬ್ಬರಿ ಗಿಟುಕು, ಎಲ್ಲ ಪುಟ್ಟತ್ತೆಯದೇ. ಮಾಡಿಸಿಕೊಂಡು ಹೋಗುವವರು ಹಿತ್ತಲ ಬಾಗಿಲಿಂದ ಬಂದು ಹಿತ್ತಲ ಬಾಗಿಲಿಂದಲೇ ಹೋಗುತ್ತಿದ್ದರು. ಮದುವೆಗೆ ಮಾತ್ರ ಅವಳನ್ನು ಒಬ್ಬರೂ ಕರೆಯುತ್ತಿರಲಿಲ್ಲ. ನನಗೆ ಇವತ್ತಿಗೂ ಆ ಊರಿನ ಮದುವೆ ಊಟದ ನೆನಪಾದರೆ ಬಾಯಿ ಕಹಿಯಾಗುತ್ತದೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಗೌರತ್ತೆಗೆ ಚಾಮರಾಜನಗರದ ಸಂಬಂಧ ಕೂಡಿಬಂತು. ಹುಡುಗನ ಕಡೆಯವರದು ಪೇಟೆಯಲ್ಲಿ ಬಟ್ಟೆ ಅಂಗಡಿ. ಅವರು ಹೆಣ್ಣು ನೋಡಲು ಬಂದ ದಿನ ಪುಟ್ಟತ್ತೆಯನ್ನು ಒಳಕೋಣೆಯಲ್ಲಿ ಕೂರಿಸಿ, ಕೆಮ್ಮಬೇಡ ಎಂದು ಹೇಳಿ ಕದ ಹಾಕಿದರು. ಮನೆಯಲ್ಲಿ ಕುಂಟಿಯೊಬ್ಬಳಿದ್ದಾಳೆಂದರೆ ಮುಂದೆ ಹುಟ್ಟುವ ಮಕ್ಕಳಿಗೂ ಬಂದೀತೆಂದು ಬೀಗರು ಹೆದರುತ್ತಾರಂತೆ. ಅವಳು ಕೆಮ್ಮಲಿಲ್ಲ. ಅವರು ಅತ್ತ ಹೋದ ಮೇಲೆ ಹೊರಗೆ ಬಂದವಳೇ, ತಂಗಿಯ ಮದುವೆಗೆ ಬಂದವರಿಗೆಲ್ಲ ತಾಂಬೂಲವನ್ನು ಈಚಲು ಗರಿಯ ಬುಟ್ಟಿಯಲ್ಲಿಟ್ಟು ಕೊಡೋಣ ಎಂದಳು. ಆಗ ಪೇಟೆಯಲ್ಲಿ ಗಂಡುಹೆಣ್ಣಿನ ಹೆಸರು ಅಚ್ಚು ಹಾಕಿದ ಪ್ಲಾಸ್ಟಿಕ್ ಚೀಲ ಬಂದಿದ್ದವು. ಅಪ್ಪನಿಗೆ ಅದೇ ಬೇಕಿತ್ತು. ಪುಟ್ಟತ್ತೆ ಜಗಳಕ್ಕೇ ನಿಂತಳು.

ಮೂರು ತಿಂಗಳು ಹೆಣೆದಳು. ಗರಿಯನ್ನು ನೆರಳಲ್ಲಿ ಒಣಗಿಸಿ, ಸೀಳಿ, ಅರ್ಧದಷ್ಟನ್ನು ಅರಿಶಿನದ ನೀರಲ್ಲಿ ಬೇಯಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಬಿಳಿದೊಂದು ಎಳೆ ಹಳದಿಯದೊಂದು ಎಳೆ ಸೇರಿಸಿ ಅಂಗೈಯಗಲದ ಬುಟ್ಟಿ, ಅದಕ್ಕೊಂದು ಮುಚ್ಚಳ. ಹಳೆಯ ಸೀರೆಯ ಅಂಚು ಕತ್ತರಿಸಿ ಮುಚ್ಚಳದ ಸುತ್ತ ಹೊಲಿಯುತ್ತಿದ್ದಳು. ಗರಿಯ ಅಲಗು ತಾಗಿ ಬೆರಳೆಲ್ಲ ಗೀರು. ಮುದ್ದೆ ಮುರಿದು ಸಾರಿಗೆ ಅದ್ದುವಾಗ ಖಾರ ತಾಗಿ ಸೊಯ್ ಎನ್ನುತ್ತಿದ್ದಳು. ನಮ್ಮ ಯಾರನ್ನೂ ಮುಟ್ಟಲು ಬಿಡುತ್ತಿರಲಿಲ್ಲ. "ನೋಡ್ತಿರಮ್ಮಿ," ಎಂದು ನನಗೆ ಹೇಳುತ್ತಿದ್ದಳು, "ನಗರದೋರು ಕೈಗೆ ತಗಂಡೇಟ್ಗೆ ಕೇಳ್ತಾರೆ, ಇದ ಯಾರ್ ಮಾಡುದ್ರು ಅಂತ." ಆ ಒಂದು ಪ್ರಶ್ನೆಗೆ ತನ್ನ ಹೆಸರು ಉತ್ತರವಾಗಬೇಕು, ಅಷ್ಟೇ ಅವಳ ಆಸೆ. ಅದಕ್ಕಿಂತ ಹೆಚ್ಚಿನದನ್ನು ಅವಳು ಯಾರ ಹತ್ತಿರವೂ ಕೇಳಿದ್ದು ನನಗೆ ಗೊತ್ತಿಲ್ಲ.

ಮದುವೆ ಚಾಮರಾಜನಗರದ ಛತ್ರದಲ್ಲಿ. ಹೊರಡುವ ಬೆಳಿಗ್ಗೆ ವ್ಯಾನು ಬಾಗಿಲಿಗೆ ಬಂತು. ಬುಟ್ಟಿಗಳ ಮೂಟೆಗಳೆಲ್ಲ ಒಳಗೆ ಹೋದವು. ಪುಟ್ಟತ್ತೆ ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಜಗಲಿಯ ಕಂಬ ಹಿಡಿದು ನಿಂತಿದ್ದಳು. ಅಜ್ಜಿ ಅವಳ ಮುಖ ನೋಡದೆ ಹೇಳಿದಳು: "ಎಲ್ಲಾರೂ ಓಗ್ಬುಟ್ರೆ ಮನೇಲಿ ಯಾರವ್ವ? ಎಮ್ಮೆ ಬೇರೆ ಇವತ್ತೋ ನಾಳಕೋ ಈಯೋ ಅಂಗದೆ. ನೀ ಇರು." ಎಮ್ಮೆಗೆ ಇನ್ನೂ ಎರಡು ತಿಂಗಳಿತ್ತು. ಅಪ್ಪನಿಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು. ಹಸೆಮಣೆ ಏರಬೇಕಾದ ಗೌರತ್ತೆ ವ್ಯಾನಿನ ಕಿಟಕಿಯಿಂದ ಆಚೆ ಮುಖ ಮಾಡಿ ಕೂತಳು. ಮುಂದಿನ ಸೀಟಿನಲ್ಲಿದ್ದ ನನಗೆ ವ್ಯಾನು ಹತ್ತಿದ ಖುಷಿಯೇ ಖುಷಿ. ದಾರಿಯಲ್ಲಿ ಅಜ್ಜಿ ನನ್ನ ಕಿವಿ ಹತ್ತಿರ ಬಂದು, "ಯಾರಾರ ಕೇಳುದ್ರೆ ಎಲ್ಲಾನೂ ಗೌರತ್ತೆಯೇ ಮಾಡುದ್ಲು ಅನ್ನು. ಗೊತ್ತಾಯ್ತ?" ಎಂದಳು. ನನಗಾಗ ಒಂಬತ್ತು ವರ್ಷ. ಗೊತ್ತಾಗದ ವಯಸ್ಸೇನೂ ಅಲ್ಲ.

ಪುಟ್ಟತ್ತೆ ಹೇಳಿದ ಹಾಗೇ ಆಯಿತು. ಧಾರೆ ಮುಗಿದು ತಾಂಬೂಲ ಹಂಚುವಾಗ ಬೀಗಿತ್ತಿ, ಎಂದರೆ ಗೌರತ್ತೆಯ ಅತ್ತೆ, ಒಂದು ಬುಟ್ಟಿ ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. ದೊಡ್ಡವರನ್ನು ಕೇಳಲಿಲ್ಲ. ಹತ್ತಿರದಲ್ಲೇ ಕುಣಿಯುತ್ತಿದ್ದ ನನ್ನ ಗಲ್ಲ ಹಿಡಿದು, "ಇದನ್ನ ಯಾರು ಮಾಡಿದ್ದು ಮಗಾ?" ಎಂದರು. ನಾನು ಒಂದು ಗಳಿಗೆಯೂ ತಡೆಯದೆ, "ನಮ್ಮ ಗೌರತ್ತೆ" ಎಂದೆ. ಬೀಗಿತ್ತಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸೊಸೆಯ ಕೈ ಚಿನ್ನದಂಥದು ಎಂದು ಛತ್ರಕ್ಕೆಲ್ಲ ಸಾರಿದರು. ನನ್ನ ಕೈಗೆ ಎರಡು ಕೊಬ್ಬರಿ ಮಿಠಾಯಿ ಬಂದವು. ಎರಡನ್ನೂ ತಿಂದೆ. ಮಾರನೆಯ ದಿನ ಊರಿಗೆ ಬಂದಾಗ ಪುಟ್ಟತ್ತೆ ಅವರೆಕಾಳು ಆರಿಸುತ್ತಿದ್ದಳು. "ಕೇಳುದ್ರಾ?" ಎಂದಳು. ಕೇಳಿದರು ಎಂದೆ. "ಏನಂದೆ?" ಅಂದದ್ದನ್ನು ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಮೊರವನ್ನು ತಿರುಗಿಸಿಕೊಂಡು ಕಾಳು ಆರಿಸುವುದನ್ನು ಮುಂದುವರಿಸಿದಳು.

ನಾನು ಹೇಳಿದ ಸುಳ್ಳು ವರ್ಷ ತುಂಬುವುದರೊಳಗೆ ಮನೆ ಬಾಗಿಲಿಗೆ ಬಂತು. ಬೀಗರ ಮಗಳಿಗೆ ಮದುವೆ ಗೊತ್ತಾಗಿ, ಬುಟ್ಟಿ ತೋರಣಗಳೆಲ್ಲ ನಮ್ಮ ಸೊಸೆಯದೇ ಎಂದು ಬೀಗಿತ್ತಿ ನೆಂಟರಿಗೆಲ್ಲ ಹೇಳಿಬಿಟ್ಟಿದ್ದರು. ಗೌರತ್ತೆಗೆ ಒಂದು ಗರಿ ಸೀಳಲೂ ಬರುತ್ತಿರಲಿಲ್ಲ. ಬಸ್ಸು ಹತ್ತಿ ಓಡಿಬಂದು ಅಕ್ಕನ ಮುಂದೆ ಕೂತಳು, ಗುಟ್ಟಾಗಿ ಮಾಡಿಕೊಡು ಎಂದಳು. ಪುಟ್ಟತ್ತೆ, "ನಮ್ಮಕ್ಕ ಮಾಡುದ್ಲು ಅಂತ ನಿಮ್ಮತ್ತೆ ಮುಂದ ಯೇಳ್ತೀಯಾ? ಯೇಳು, ಮಾಡ್ಕೊಡ್ತೀನಿ" ಎಂದಳು. ಗೌರತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಜ್ಜಿಯ ಕಡೆ ತಿರುಗಿದಳು. "ತಂಗಿ ಬಾಳು ಆಳ್ಮಾಡ್ಬುಡ್ತೀಯೇನೇ, ಪಾಪಿ!" ಎಂದು ಅಜ್ಜಿ ಎದೆ ಬಡಿದುಕೊಂಡಳು. ಆ ರಾತ್ರಿ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಗೌರತ್ತೆ ಬರಿಗೈಯಲ್ಲಿ ಹೋದಳು. ಹೋದವಳು ತಡೆಯಲಾರದೆ ಗಂಡನ ಮುಂದೆ ಅತ್ತು ನಿಜ ಹೇಳಿಬಿಟ್ಟಳಂತೆ.

ವಾರದೊಳಗೆ ಬೀಗಿತ್ತಿಯೇ ಬಂದರು. ಜಗಲಿಯಲ್ಲಿ ಕೂತು, "ಇನ್ನೊಬ್ಬಳು ಮಗಳಿದ್ದಾಳಂತಲ್ಲ, ಕರೀರಿ" ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಕೈಯಲ್ಲಿ ಕುಂಕುಮದ ಬಟ್ಟಲಿತ್ತು. ಇಂಥವರಿಗೆ ಹೆದರಿ ಒಬ್ಬಳನ್ನು ಕತ್ತಲಲ್ಲಿ ಕೂರಿಸಿದ್ದರಲ್ಲ. ಪುಟ್ಟತ್ತೆ ಒಳಕೋಣೆಯಿಂದ ಹೊರಟಳು. ಮೊಣಕಾಲಿನ ಮೇಲೆ ಕೈಯೂರಿ, ಅವಸರವಿಲ್ಲದೆ, ಎಲ್ಲರೂ ನೋಡುವ ಹಾಗೆ ನಡುಮನೆ ದಾಟಿ ಜಗಲಿಗೆ ಬಂದಳು. "ಆ ಬುಟ್ಟಿಗಳನ್ನ ಮಾಡಿದ್ದು ನೀವೇನಾ? ಅವತ್ತು ಈ ಮಗು ಗೌರಿ ಅಂದಿತ್ತು" ಎಂದರು ಬೀಗಿತ್ತಿ. ಪುಟ್ಟತ್ತೆ ನನ್ನ ಕಡೆ ತಿರುಗಿದಳು. "ಗೌರಿನೇ ಮಾಡಿದ್ದು ಕಣವ್ವ," ಎಂದಳು. "ನಮ್ಮ ಕೂಸು ಸುಳ್ಳು ಯೇಳದಿಲ್ಲ."

ಬೀಗಿತ್ತಿಯ ಮುಖ ಕಪ್ಪಿಟ್ಟಿತು. ಕೈಯಲ್ಲಿ ವಿದ್ಯೆಯಿದ್ದೂ ನಾದಿನಿಯ ಮದುವೆಗೆ ಮಾಡಲು ಮನಸ್ಸಿಲ್ಲದೆ ಅಕ್ಕನ ಕತೆ ಕಟ್ಟಿದಳು ಎಂದು ಗೌರತ್ತೆ ಆ ಮನೆಯಲ್ಲಿ ವರ್ಷಗಟ್ಟಲೆ ಮಾತು ಕೇಳಬೇಕಾಯಿತು. ಅಕ್ಕತಂಗಿಯರು ಮತ್ತೆಂದೂ ಮಾತಾಡಲಿಲ್ಲ. ಪುಟ್ಟತ್ತೆ ಅವತ್ತಿನಿಂದ ಗರಿ ಮುಟ್ಟಲಿಲ್ಲ. ಅವಳದು ದೊಡ್ಡ ಮನಸ್ಸು, ತಂಗಿಯನ್ನು ಕ್ಷಮಿಸಿದಳು ಎಂದು ಅವ್ವ ಹೇಳುತ್ತಿದ್ದಳು. ಕ್ಷಮಿಸಿರಲಿಲ್ಲ. ಅದು ಸೇಡು, ನನಗೆ ಚೆನ್ನಾಗಿ ಗೊತ್ತು, ಮತ್ತು ಆ ಸೇಡಿನ ಬಗ್ಗೆ ನನಗೆ ಒಂದಿಷ್ಟೂ ಬೇಸರವಿಲ್ಲ. ಈಗ ಅಜ್ಜಿಯೂ ಇಲ್ಲ, ಪುಟ್ಟತ್ತೆಯೂ ಇಲ್ಲ. ಅವಳನ್ನು ಮಣ್ಣು ಮಾಡಿದ ದಿನ ಗೌರತ್ತೆ ನೆಲಕ್ಕೆ ಬಿದ್ದು ಅತ್ತಳು. ನಾನು ಅವಳ ಪಕ್ಕ ಕೂರಲಿಲ್ಲ.

ಆದರೆ ಯಾರಿಗೂ ಹೇಳದ ಒಂದು ಸಂಗತಿ ಉಳಿದಿದೆ. 'ನಮ್ಮ ಕೂಸು ಸುಳ್ಳು ಹೇಳುವುದಿಲ್ಲ' ಎಂದ ಮೇಲೆ ಪುಟ್ಟತ್ತೆ ಕೂಡಲೇ ಒಳಗೆ ಹೋಗಲಿಲ್ಲ. ನನ್ನನ್ನೇ ನೋಡುತ್ತ ನಿಂತಳು. ನನ್ನ ಬಾಯಿಯನ್ನು ಯಾರೂ ಮುಚ್ಚಿ ಹಿಡಿದಿರಲಿಲ್ಲ. ಇಲ್ಲ, ಮಾಡಿದ್ದು ಇವಳೇ ಎನ್ನಲು ನನಗೆ ಎಷ್ಟು ಹೊತ್ತು ಬೇಕಿತ್ತು? ಅವಳು ಅಷ್ಟು ಹೊತ್ತು ಕಾದಳು, ಅದಕ್ಕಿಂತ ಇನ್ನೂ ಸ್ವಲ್ಪ ಹೊತ್ತು ಕಾದಳು. ನಾನು ಅಜ್ಜಿಯ ಸೆರಗು ಹಿಡಿದುಕೊಂಡು ನೆಲ ನೋಡುತ್ತ ನಿಂತೆ. ಆಮೇಲೆ ಅವಳು ಮೊಣಕಾಲಿನ ಮೇಲೆ ಕೈಯೂರಿ ತಿರುಗಿದಳು.