ಬಳೆ ಒಡೆಯುವ ಮನೆಯ ಪಕ್ಕ

ಪುಣೆಯ ಯೆರವಡಾದ ಬಾಡಿಗೆ ಕೋಣೆಗೆ ಬಂದ ಮರುದಿನ ಬೆಳಿಗ್ಗೆ, ಗೋಡೆಯಾಚೆ ಬಳೆ ಒಡೆಯುವ ಸದ್ದು ಕೇಳಿತು. ಒಂದೆರಡಲ್ಲ, ರಾಶಿ ಬಳೆ. ನಮ್ಮ ಯಾದಗಿರಿ ಕಡೆ ಆ ಸದ್ದಿಗೆ ಒಂದೇ ಅರ್ಥ. ಯಾರದೋ ಗಂಡ ಸತ್ತಿದ್ದಾನೆ. ಕೈಯಲ್ಲಿದ್ದ ಪಾತ್ರೆ ಬಿಸಾಕಿ ಓಡಿದೆ. ಒಳಗೆ ನೆಲದ ಮೇಲೆ ಕೂತಿದ್ದ ಹೆಂಗಸನ್ನು ತಬ್ಬಿಕೊಂಡು, "ಎವ್ವಾ, ಎಂಥಾ ಗತಿ ಬಂತವ್ವಾ ನಿನಗ" ಎಂದು ದನಿ ತೆಗೆದು ಅತ್ತೆ.

ಅವಳ ಕೈಯಲ್ಲಿ ಸುತ್ತಿಗೆ ಇತ್ತು. "ಅಗಂ, ಕೋಣೀ ಮೇಲಂ ನಾಹೀ!" ಎಂದಳು. ಯಾರೂ ಸತ್ತಿಲ್ಲ ಕಣೇ, ಎಂದು. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಅವಳ ಗಂಡ ಕಪ್ಪು ಎತ್ತಿ ತೋರಿಸಿ, "ಮೀ ಅಜೂನ್ ಆಹೇ" ಎಂದ. ನಾನಿನ್ನೂ ಇದ್ದೇನೆ!

ಶುಭಾತಾಯಿಯ ಪರಿಚಯ ಆದದ್ದು ಹೀಗೆ. ಇಲ್ಲಿ ತಾಯಿ ಎಂದರೆ ಅಕ್ಕ. ಬಳೆ ಅಂಗಡಿಗಳಲ್ಲಿ ಮುರಿದು ಉಳಿದ ಗಾಜಿನ ಬಳೆಗಳನ್ನು ತಂದು, ಒದ್ದೆ ಗೋಣಿಯಲ್ಲಿ ಸುತ್ತಿ ಬಡಿದು, ಆ ಚೂರುಗಳನ್ನು ತಾಮ್ರದ ತಗಡಿನಲ್ಲಿ ಕೂಡಿಸಿ ಆಕೆ ಓಲೆ, ಪದಕ ಮಾಡುತ್ತಾಳೆ. ನನಗೆ ಗೊತ್ತಿದ್ದ ಒಡವೆ ಎಂದರೆ ತೂಕ ಹಾಕಿ ಕೊಡುವ ಬಂಗಾರ. ಇಲ್ಲಿ ಒಂದರಂತೆ ಇನ್ನೊಂದಿಲ್ಲ, ತೂಕ ಕೇಳುವವರೂ ಇಲ್ಲ.

ಆಗ ನನ್ನ ಮಣಿಕಟ್ಟಿನ ಗಾಯ ಇನ್ನೂ ಮಾಸಿರಲಿಲ್ಲ. ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಯಂತ್ರ ನನ್ನ ಯಜಮಾನರನ್ನು ಎದೆಯವರೆಗೆ ಎಳೆದುಕೊಂಡಿತ್ತು. ನಮಗೆ ಮುಖ ಮಾತ್ರ ತೋರಿಸಿದರು. ಊರಿನ ಹೊಲದಲ್ಲಿ ಮಣ್ಣು ಮಾಡಿದ ಮೇಲೆ ಅತ್ತೆ ನನ್ನ ಕೈ ಹಿಡಿದು ಕಲ್ಲಿಗೆ ಬಡಿದರು. ಬಳೆಯ ಚೂರು ಚರ್ಮಕ್ಕೆ ಹೊಕ್ಕು ರಕ್ತ ಇಳಿಯಿತು. ಅತ್ತೆಯ ಕೈ ಬೋಳಾಗಿ ಆಗಲೇ ಬಹಳ ವರ್ಷವಾಗಿತ್ತು. ಊರಿನ ಮನೆಯ ಮೂಲೆಯಲ್ಲಿ ಕೂತಿರಲಾರದೆ, ಇಲ್ಲಿ ಮನೆಗೆಲಸ ಸಿಗುತ್ತದೆಂದು ಪುಣೆಗೇ ತಿರುಗಿ ಬಂದೆ.

ಒಂದು ದಿನ ಶುಭಾತಾಯಿ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟಳು. ಗೋಣಿಯೊಳಗೆ ಆ ಯಂತ್ರವೇ ಇದೆ ಎಂದುಕೊಂಡು ಬಡಿದೆ. ತೋಳು ಸೋಲುವವರೆಗೆ ಬಡಿದೆ. ಬಿಚ್ಚಿ ನೋಡಿದರೆ ಬರೀ ಪುಡಿ. "ಇದರಲ್ಲಿ ಓಲೆ ಮಾಡಲೋ, ರಂಗೋಲಿ ಹಾಕಲೋ?" ಎಂದು ಮರಾಠಿಯಲ್ಲಿ ಬೈದಳು. ಯಜಮಾನರು ಹೋದ ಮೇಲೆ ನಾನು ನಕ್ಕಿದ್ದು ಅವತ್ತೇ ಮೊದಲು.

ಕೆಲಸ ಕೈಗೆ ಹತ್ತಿತು. ಮಗರಪಟ್ಟಾದ ದೊಡ್ಡ ಕಟ್ಟಡಗಳ ನಡುವೆ ರವಿವಾರ ಮೇಜು ಹಾಕಿ ಕೂತಾಗ, ಬೆಂಗಳೂರಿನ ಹುಡುಗಿಯೊಬ್ಬಳು ನಾನು ಮಾಡಿದ ಪದಕ ಎತ್ತಿಕೊಂಡಳು. "ಅಯ್ಯೋ, ನೀವು ಕನ್ನಡದವ್ರಾ? ಸಖತ್ತಾಗಿದೆ ಆಂಟಿ! ಲೋಕಲ್ ಆರ್ಟಿಸ್ಟ್‌ಗಳನ್ನ ನಾವು ಸಪೋರ್ಟ್ ಮಾಡ್ದೆ ಇನ್ಯಾರು ಮಾಡ್ತಾರೆ?" ಅವಳು ಕೊರಳಿಗೆ ಹಾಕಿಕೊಂಡದ್ದು ಒಡೆದ ಬಳೆ. ಅವಳು ಕನ್ನಡಿ ಕೇಳಿದಳು.

ಆಮೇಲೆ ನನಗೂ ಒಂದು ಜೊತೆ ಓಲೆ ಮಾಡಿಕೊಂಡೆ. ಹಸಿರು ಗಾಜಿನದು.

ಯಜಮಾನರ ವರ್ಷದ ಪೂಜೆ ಹತ್ತಿರ ಬಂದಾಗ ಮೈದುನ ಮಲ್ಲಪ್ಪ ನನ್ನನ್ನು ಕರೆದೊಯ್ಯಲು ಬಂದ. ನಾನು ಶುಭಾತಾಯಿಯ ಮನೆಯಲ್ಲಿ ತಗಡು ಬಡಿಯುತ್ತಿದ್ದೆ.

"ಕಿವ್ಯಾಗ ಏನದು ವೈನಿ? ಅಣ್ಣ ಸತ್ತು ವರ್ಷ ತುಂಬಿಲ್ಲ, ಹಸಿರು ಹಾಕ್ಕೊಂಡು ಕುಂತೀದಿ. ಯಾರಿಗಿ ತೋರಸ್ಲಾಕ?"

"ನಾನೇ ಮಾಡಿದ್ದು ಮಲ್ಲಪ್ಪ. ಕುಂದ್ರು, ಚಹಾ ಕುಡಿ."

ಅವನು ಕೂರಲಿಲ್ಲ. ಎಡಗಿವಿಗೆ ಕೈ ಹಾಕಿ ಜಗ್ಗಿದ. ಹಾಲೆ ಸೀಳಿ ಓಲೆ ಅವನ ಕೈಗೆ ಹೋಯಿತು, ರಕ್ತ ತಗಡಿನ ಮೇಲೆ ಸುರಿಯಿತು. ಶುಭಾತಾಯಿ ಚೀರಿದಳು. ಅವನು ಬಲಗಿವಿಗೂ ಕೈ ಚಾಚಿದ. ಸುತ್ತಿಗೆ ನನ್ನ ಕೈಯಲ್ಲೇ ಇತ್ತು. ಬೀಸಿದೆ. ಬೆರಳಿನ ಎಲುಬು ಮುರಿದದ್ದು ಇಬ್ಬರಿಗೂ ಕೇಳಿಸಿತು.

ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಹೊಸ್ತಿಲಲ್ಲಿ ನಿಂತು ಅಂದ: "ಅಣ್ಣನ ಸಮಾಧಿ ಹಂತ್ಯಾಕ ಬಾ, ಕಾಲ್ ಕಡೀತೀನಿ."

ಕಿವಿಗೆ ಹೊಲಿಗೆ ಬಿತ್ತು. ಇಲ್ಲಿ ಕಲಿತ ಮರಾಠಿ, ಸಿಹಿ ಹಾಕಿದ ಬೇಳೆಸಾರು, ಮೇಜಿನ ಮುಂದೆ ನಿಂತು ಹೊಗಳುವ ಜನ, ಯಾವುದೂ ಸಮಾಧಿಯ ಹತ್ತಿರ ಬರಬೇಡವೆಂಬ ಆ ಒಂದು ಮಾತನ್ನು ಮರೆಸಲಿಲ್ಲ. ಯಜಮಾನರು ಅಲ್ಲಿ ಮಣ್ಣಲ್ಲಿ ಮಲಗಿದ್ದಾರೆ. ನಾನು ಹೋಗಲೇಬೇಕಿತ್ತು.

ಪೂಜೆಯ ದಿನ ಮಲ್ಲಪ್ಪ ನನ್ನನ್ನು ಬರಗೊಡಲಿಲ್ಲ. ಎಲ್ಲ ಮುಗಿದು ಕೆಲವು ದಿನ ಕಳೆದ ಮೇಲೆ ಒಬ್ಬಳೇ ಬಸ್ಸು ಹತ್ತಿ, ಬೆಳಗಾಗುವಾಗ ಹೊಲಕ್ಕೆ ನಡೆದೆ. ಬಲಗಿವಿಯ ಓಲೆ ತೆಗೆದಿರಲಿಲ್ಲ. ಸಮಾಧಿಗೆ ನೀರು ಹಾಕುತ್ತಿದ್ದಾಗ ಹಿಂದಿನಿಂದ ಅತ್ತೆ ಬಂದರು. ಹೊಡೆಯುತ್ತಾರೆಂದು ಮುಖ ಮುಚ್ಚಿಕೊಂಡೆ. ಅವರು ಸೀಳಿದ ಹಾಲೆ ಮುಟ್ಟಿ ನೋಡಿದರು. ಆಮೇಲೆ ಓಲೆಯ ಮೇಲೆ ಬೆರಳಾಡಿಸಿದರು.

"ಚುಚ್ಚಂಗಿಲ್ಲೇನ?"

"ಇಲ್ಲತ್ತಿ. ಅಂಚು ತಿಕ್ಕಿ ನುಣ್ಣಗ ಮಾಡೀವಿ."

ಅವರು ಅಳಲಿಲ್ಲ. ಸಮಾಧಿಯ ಬಲಕ್ಕಿದ್ದ ಖಾಲಿ ನೆಲ ತೋರಿಸಿದರು. "ಇದು ನಿಂದು. ಮಲ್ಲಪ್ಪಗ ಹೇಳೀನಿ, ಇಲ್ಲಿ ಯಾರನ್ನೂ ಇಡಬ್ಯಾಡ ಅಂತ."

ಮನೆಯ ಕಡೆಯಿಂದ ನಾಯಿ ಬೊಗಳಿತು. ಅತ್ತೆ ನನ್ನ ಚೀಲ ಎತ್ತಿ ಹೆಗಲಿಗೆ ಹಾಕಿ, ಬೆನ್ನಿಗೆ ಕೈಯಿಟ್ಟು ದೂಡಿದರು.

"ಅವ ಎದ್ದಾನ. ಓಡು."