ಗುಡಾಣನ ಎರಡು ಕೊನೆಗಳು

ನಾನು ಇಲ್ಲಿಗೆ ಬಂದ ಎರಡನೇ ವಾರ ಮನೆಯೊಡತಿ ಪಾರ್ವತಕ್ಕ ನನ್ನ ಹಲಸಿನ ಹಣ್ಣನ್ನು ಗುಂಡಿ ತೋಡಿ ಹೂತುಬಿಟ್ಟರು.

ಕುಶಾಲನಗರದ ಸಂತೆಯಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ ಹಣ್ಣು ಅದು. ನಮ್ಮ ಗದಗ ಕಡೆಯ ಬಯಲಿನಲ್ಲಿ ಹಲಸು ಎಂದರೆ ತಳ್ಳುಗಾಡಿಯಲ್ಲಿ ಬರುವ ನಾಲ್ಕೈದು ತೊಳೆ. ಇಡೀ ಹಣ್ಣೊಂದು ನನ್ನದಾಗಿದ್ದು ಜೀವನದಲ್ಲಿ ಅದೇ ಮೊದಲು. ಮಾಗಲಿ ಎಂದು ಹಿಂದಿನ ಜಗಲಿಯಲ್ಲಿ ಗೋಣಿಚೀಲ ಹೊದಿಸಿ ಇಟ್ಟಿದ್ದೆ. ಐದನೇ ದಿನ ಶಾಲೆಯಿಂದ ಬಂದಾಗ ಪಾರ್ವತಕ್ಕ ಬೆವರು ಒರೆಸಿಕೊಳ್ಳುತ್ತ ಹಾರೆ ಹಿಡಿದು ನಿಂತಿದ್ದರು.

"ನಿಮಗೆ ಬುದ್ಧಿ ಉಂಟಾ ಟೀಚರೇ? ಇದರ ವಾಸನೆ ಎಲ್ಲಿವರೆಗೆ ಹೋಗ್ತದೆ ಗೊತ್ತುಂಟಾ? ರಾತ್ರಿ ಆನೆ ಬಂದು ಜಗಲಿ ಕಿತ್ತರೆ ನಿಮ್ಮ ಗದಗದಿಂದ ಯಾರು ಬರ್ತಾರೆ ಕಟ್ಟಿಕೊಡ್ಲಿಕ್ಕೆ?"

ಆಮೇಲೆ ತಿಳಿಯಿತು. ಚೆಟ್ಟಳ್ಳಿಯ ಸುತ್ತ ಕಾಫಿ ತೋಟಗಳಲ್ಲಿ ಎಷ್ಟೋ ಜನ ಹಲಸನ್ನು ಮಾಗಲು ಬಿಡುವುದೇ ಇಲ್ಲ. ಎಳೆಯದಿರುವಾಗಲೇ ಕೊಯ್ದು ಪಲ್ಯ ಮಾಡುತ್ತಾರೆ, ಉಳಿದದ್ದನ್ನು ಕೆಡವಿ ಹೂಳುತ್ತಾರೆ. ನಮ್ಮಲ್ಲಿ ಹಣ್ಣಿಗೆ ಕಾಯುತ್ತೇವೆ, ಇಲ್ಲಿ ಹಣ್ಣಾಗದಂತೆ ಕಾಯುತ್ತಾರೆ. ಈ ವಾಕ್ಯವನ್ನು ಅಂದೇ ಡೈರಿಯಲ್ಲಿ ಬರೆದುಕೊಂಡೆ. ಈಗ ಓದಿದರೆ ಸ್ವಲ್ಪ ಹೆಚ್ಚೇ ಜಾಣತನ ಅನ್ನಿಸುತ್ತದೆ. ಆ ದಿನ ನಿಜವಾಗಿ ಆಗಿದ್ದು ಇಷ್ಟೆ: ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹಣ್ಣಿಗಾಗಿ ಅತ್ತೆ.

ಐದು ವರ್ಷವಾಯಿತು. ಈ ಸಲ ನಮ್ಮ ಜಿಲ್ಲೆಗೆ ವರ್ಗಾವಣೆ ಕೇಳುವ ಅರ್ಹತೆ ನನಗೆ ಬಂದಿದೆ. ಅರ್ಜಿಗೆ ತಿಂಗಳ ಕೊನೆಯೇ ಕಡೆಯ ದಿನ. ನನಗಿಂತ ಎಂಟು ವರ್ಷ ದೊಡ್ಡವಳಾದ ಶಾಂತಕ್ಕ ಪ್ರತಿ ಭಾನುವಾರ ಫೋನು ಮಾಡಿದಾಗ ಕೇಳುವ ಮೊದಲ ಮಾತು ಅದೇ, "ಅರ್ಜಿ ಹಾಕಿದೇನ?" ಅರ್ಜಿ ತುಂಬಿಟ್ಟಿದ್ದೆ. ಕಳಿಸುವ ಗುಂಡಿ ಒತ್ತಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದ್ದರೆ ಇಂಟರ್‌ನೆಟ್ ಸರಿಯಿಲ್ಲ ಎನ್ನುತ್ತಿದ್ದೆ. ಅದು ಅರ್ಧ ನಿಜ.

ಒಗ್ಗಿಕೊಂಡದ್ದು ನಿಧಾನವಾಗಿ. ಮೊದಲ ವರ್ಷ ಆಕಾಶದ್ದೇ ಕೊರತೆ. ನಮ್ಮೂರಲ್ಲಿ ಮಾಳಿಗೆ ಹತ್ತಿದರೆ ಎರಡು ಊರಾಚೆ ಹೊರಟ ಬಸ್ಸಿನ ಧೂಳು ಕಾಣುತ್ತದೆ. ಇಲ್ಲಿ ಮರಗಳ ನಡುವೆ ಆಕಾಶ ತುಂಡುತುಂಡಾಗಿ ಸಿಗುತ್ತದೆ. ಬೆಳಿಗ್ಗೆ ಮೊಬೈಲಿನಲ್ಲಿ "ಮೇಲಿನ ತೋಟದಲ್ಲಿ ಆನೆ ಉಂಟು" ಎಂಬ ಸಂದೇಶ ಬಂದರೆ ಕಾಫಿ ಕೊಯ್ಯುವ ಪಿಕಿಂಗಿನವರ ಜೀಪು ರಸ್ತೆಯಲ್ಲೇ ನಿಲ್ಲುತ್ತದೆ, ನನ್ನ ಮೊದಲ ಪೀರಿಯಡ್ಡೂ ಹೋಗುತ್ತದೆ. ಯಾರೂ ಬೈಯುವುದಿಲ್ಲ. ಆನೆ ದಾಟುವವರೆಗೆ ಕಾಯುವುದೂ ಇಲ್ಲಿ ಕೆಲಸದ ಭಾಗ. ಶಾಲೆಯ ಒಂದೇ ಬೆಂಚಿನಲ್ಲಿ ಕೊಡವ, ಅರೆಭಾಷೆ, ಮಲಯಾಳ, ತಮಿಳು ಕುಳಿತಿರುತ್ತವೆ. ಜಗಳಕ್ಕೆ ಮಾತ್ರ ಎಲ್ಲರಿಗೂ ಕನ್ನಡ. ನಾನು "ಹೌದ್ರಿ" ಅಂದರೆ ಹಿಂದಿನ ಸಾಲು ಈಗಲೂ ನಗುತ್ತದೆ. ನನ್ನ ಜೋಳದ ರೊಟ್ಟಿಯನ್ನು ಮೊದಲ ಸಲ ತಿಂದ ಪಾರ್ವತಕ್ಕ, "ಎಂಥ ಇದು, ಕ್ಯಾಲೆಂಡರ್ ಹರಿದು ತಿಂದ ಹಾಗೆ" ಎಂದಿದ್ದರು. ಮುಂದಿನ ತಿಂಗಳು ಅವರೇ ಬಂದು, "ಆ ಕ್ಯಾಲೆಂಡರ್ ಇವತ್ತು ಮಾಡ್ತೀರಾ?" ಎಂದು ಕೇಳಿದರು. ಅದು ನನ್ನ ಮೊದಲ ಗೆಲುವು.

ಎರಡನೆಯ ಗೆಲುವು ಗುಡಾಣನದು. ಗುಡಾಣ ಒಂದು ಬೊಂಬೆ ಆನೆಮರಿ. ನಾನು ಆರೇಳು ವರ್ಷದವಳಿದ್ದಾಗ ಟಿವಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಬಂದ ಮಕ್ಕಳ ವಿಶೇಷ ಕಾರ್ಯಕ್ರಮದ ನಾಯಕ. ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಟಿವಿ, ಮಗ್ಗದ ಮನೆಯಲ್ಲಿ. ಅಕ್ಕನ ಕೈಹಿಡಿದು ಹೋಗಿ ನೋಡಿದ್ದೆ. ಬೆನ್ನ ಮೇಲೆ ಕೆಂಪು ಬಟ್ಟೆಯ ಜೂಲು ಹೊದ್ದ ಗುಡಾಣ ದಾರಿ ತಪ್ಪಿ ಊರೊಳಗೆ ಬರುತ್ತಾನೆ, ಮಕ್ಕಳು ಕಬ್ಬು ತಿನ್ನಿಸುತ್ತಾರೆ, ಕೊನೆಗೆ ಊರವರೆಲ್ಲ ಕಂದೀಲು ಹಿಡಿದು ಅವನನ್ನು ಕಾಡಿನಂಚಿಗೆ ಬಿಟ್ಟುಬರುತ್ತಾರೆ. ಅಲ್ಲಿ ತಾಯಿ ಸೊಂಡಿಲು ಎತ್ತಿ ನಿಂತಿರುತ್ತದೆ. ಇದನ್ನು ನಾನು ಇಲ್ಲಿನ ಮಕ್ಕಳಿಗೆ ಪ್ರತಿ ವರ್ಷ ಹೇಳಿದ್ದೇನೆ. ನನ್ನ "ಹೌದ್ರಿ"ಗೆ ನಗುವವರೂ ಕಂದೀಲು ಬರುವ ಹೊತ್ತಿಗೆ ಸುಮ್ಮನಾಗುತ್ತಾರೆ. ಈ ವರ್ಷದ ಏಳನೇ ತರಗತಿ, "ತೋರಿಸಿ ಟೀಚರ್, ಬರೀ ಹೇಳ್ತೀರಿ" ಎಂದು ಹಟ ಹಿಡಿಯಿತು. ಹುಡುಕಿದೆ. ಯಾರೋ ಪುಣ್ಯಾತ್ಮರು ಹಳೆಯ ಟೇಪಿನಿಂದ ಇಳಿಸಿ ಇಂಟರ್‌ನೆಟ್ಟಿಗೆ ಹಾಕಿದ್ದರು.

ಮೊದಲು ಮನೆಯಲ್ಲಿ ನೋಡಿದೆ, ಭಾನುವಾರ ಬೆಳಿಗ್ಗೆಯೇ, ಪಾರ್ವತಕ್ಕನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು. ಅವರು ಬೀನ್ಸಿನ ನಾರು ತೆಗೆಯುತ್ತ ಕುಳಿತರು. ಅವರ ಗಂಡ ತೋಟದಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವರು. ಅವರೂ ಕನ್ನಡಕ ಹಾಕಿಕೊಂಡು ಬಂದರು.

ಗುಡಾಣ ಬಂದ. ಎಷ್ಟು ಸಣ್ಣವನು! ಕಿವಿ ಎರಡು ಹಳೆಯ ಮೊರದ ತುಂಡು, ಸೊಂಡಿಲು ಯಾರದೋ ಅಂಗಿಯ ತೋಳು. ತಲೆಯ ಮೇಲೆ ದಾರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಒಮ್ಮೆ ಆಡಿಸುವವರ ಹೆಬ್ಬೆರಳೂ ಕಂಡಿತು. ಜೂಲು ಹಸಿರು. ಮಗ್ಗದ ಮನೆಯ ಟಿವಿ ಕಪ್ಪುಬಿಳುಪಿನದಾಗಿತ್ತು ಎಂಬುದು ಆಗ ನೆನಪಾಯಿತು. ಹಾಗಾದರೆ ಕೆಂಪು ಎಲ್ಲಿಂದ ಬಂತು?

"ಇದನ್ನು ಮಾಡಿದವ ಆನೆ ನೋಡಿಯೇ ಇಲ್ಲ," ಎಂದರು ಪಾರ್ವತಕ್ಕ. "ಮರಿಗೆ ಕಬ್ಬು ತಿನ್ನಿಸ್ತಾರಂತೆ! ಮನುಷ್ಯರ ವಾಸನೆ ಹತ್ತಿದರೆ ಮತ್ತೆ ತಾಯಿ ಸೇರಿಸ್ತದಾ ಅದನ್ನು? ನಮ್ಮ ಕೆರೆಗೆ ಮರಿ ಬಿದ್ದಾಗ ದಂಡೆ ಕಡಿದು ದಾರಿ ಮಾಡಿ, ನಾಯಿಗಳನ್ನೆಲ್ಲ ಕಟ್ಟಿ, ಎಲ್ಲರೂ ಒಳಗೆ ಕೂತಿದ್ದೆವು. ಕೆಮ್ಮಲಿಲ್ಲ ಸಹ."

"ನೀನು ಕೆಮ್ಮಿದ್ದೆ," ಎಂದರು ರೈಟರು.

"ನೀವು ಬೀಡಿ ಹಚ್ಚಿದ್ದಕ್ಕೆ ಕೆಮ್ಮಿದ್ದು."

ನಾನು ನಗುತ್ತ ಕಂದೀಲಿಗೆ ಕಾಯುತ್ತಿದ್ದೆ. ಕಂದೀಲು ಬರಲಿಲ್ಲ. ಊರ ಹಿರಿಯ ಬೊಂಬೆ ಗುಡಾಣನ ಕೊರಳಿಗೆ ಗಂಟೆ ಕಟ್ಟಿತು. ಮಕ್ಕಳ ಬೊಂಬೆಗಳು ಚಪ್ಪಾಳೆ ತಟ್ಟಿ, ಇವನಿನ್ನು ನಮ್ಮವನು ಎಂದು ಕುಣಿದವು. ಗುಡಾಣನೂ ಕುಣಿದ. ಮುಗಿಯಿತು. ತಾಯಿ ಆನೆಯ ಬೊಂಬೆಯೇ ಇಡೀ ಕಾರ್ಯಕ್ರಮದಲ್ಲಿ ಇರಲಿಲ್ಲ. ಮತ್ತೊಮ್ಮೆ ಹಾಕಿ ನೋಡಿದೆ, ಟೇಪು ತುಂಡಾಗಿರಬಹುದು ಎಂದು. ತುಂಡಾಗಿರಲಿಲ್ಲ.

"ನೀವು ಹೇಳಿದ ಕತೆ ಚೆನ್ನಾಗಿತ್ತಲ್ಲ," ಎಂದು ಪಾರ್ವತಕ್ಕ ಬೀನ್ಸ್ ಎತ್ತಿಕೊಂಡು ಎದ್ದರು.

ಅಕ್ಕನಿಗೆ ಫೋನು ಮಾಡಿದೆ. ಅವಳಿಗೆ ಅಂಥದ್ದೊಂದು ನೋಡಿದ ನೆನಪೇ ಇರಲಿಲ್ಲ. ಮರುವಾರ ಅವಳೇ ಫೋನು ಮಾಡಿದಳು, ಈಗ ಎಲ್ಲ ನೆನಪಿತ್ತು. "ಮನೀಗೆ ಬಂದು ನೀ ಉಣ್ಣಲೇ ಇಲ್ಲ. ಅದರವ್ವ ಹುಡುಕೂದಿಲ್ಲೇನ ಅಂತ ಒಂದೇ ಸವನ ಅಳಾಕ ಹತ್ತಿದಿ. ನಾನೇ ಕಂದೀಲು ಹಚ್ಚಿಸಿ ಅದನ್ನ ಅಡವಿಗೆ ಕಳಿಸಿದೆ. ನನ್ನ ಕೆಂಪು ದಾವಣಿ ತಗೊಂಡು ನಿನ್ನ ಮ್ಯಾಲೆ ಜೂಲು ಹೊದಿಸಿ, ಹಿತ್ತಲತನಕ ನಡಿಸಿಕೊಂಡು ಹೋದೆ. ಆಮ್ಯಾಲ ಉಂಡಿ."

ನನಗೆ ದಾವಣಿ ನೆನಪಿಲ್ಲ. ಅಥವಾ ಅವಳು ಹೇಳಿದ ಮೇಲೆ ಈಗ ಇದೆ. ಎರಡರಲ್ಲಿ ಯಾವುದೆಂದು ಖಚಿತವಾಗಿ ಹೇಳಲಾರೆ. ಜೂಲಿನ ಬಣ್ಣದ ವಿಷಯ ಹಿಂದಿನ ವಾರ ನಾನೇ ಅವಳಿಗೆ ಹೇಳಿದ್ದೆನೋ ಏನೋ. ನನ್ನನ್ನು ಸಮಾಧಾನ ಮಾಡಲು ಒಮ್ಮೆ ಕತೆ ಕಟ್ಟಿದವಳು ಈಗಲೂ ಕಟ್ಟುತ್ತಿರಬಹುದು.

"ಅವತ್ತ ನಿನ್ನ ಸಮಾಧಾನಕ್ಕ ಹೇಳಿದ್ದೆ," ಎಂದಳು ಅಕ್ಕ. "ಈಗ ನನ್ನ ಸಮಾಧಾನಕ್ಕ ನೀ ಏನರ ಹೇಳು. ಅರ್ಜಿ ಹಾಕಿದೇನ?"

ನೆಟ್‌ವರ್ಕ್ ಇಲ್ಲ ಎಂದು ಫೋನಿಟ್ಟೆ. ಈ ಸಲ ಅದು ಅರ್ಧವೂ ನಿಜವಲ್ಲ.

ಮಕ್ಕಳಿಗೆ ಪೂರ್ತಿ ತೋರಿಸಿದೆ. ಕೊನೆಯನ್ನು ಕತ್ತರಿಸಬಹುದಿತ್ತು. ಆದರೆ ಇಷ್ಟು ವರ್ಷ ಟಿವಿಯದೆಂದು ನಂಬಿಸಿದ್ದು ನಮ್ಮ ಮನೆಯ ಕತೆ ಎಂದು ಒಪ್ಪಿಕೊಳ್ಳುವ ಸಾಲ ನನ್ನ ಮೇಲಿತ್ತು. ಕಂದೀಲಿನ ಕೊನೆ ನನ್ನ ಅಕ್ಕ ಕಟ್ಟಿದ್ದು ಎಂದು ಮೊದಲೇ ಹೇಳಿದೆ. ಗಂಟೆ ಕಟ್ಟಿದ್ದೇ ತಡ ತರಗತಿಯಲ್ಲಿ ಗಲಾಟೆ. "ಅದರ ಅಮ್ಮ ಬಾರದೆ ಇರ್ತದಾ ಟೀಚರ್? ಆ ಊರನ್ನೇ ಪುಡಿ ಮಾಡ್ತದೆ!" "ಟಿವಿಯವರಿಗೆ ಗೊತ್ತಿಲ್ಲ, ನಿಮ್ಮ ಅಕ್ಕ ಹೇಳಿದ್ದೇ ಸರಿ." ಆನೆಯನ್ನೇ ಕಾಣದ ಬಯಲಿನಲ್ಲಿ ಕುಳಿತು ಒಬ್ಬ ಹುಡುಗಿ ಕಟ್ಟಿದ ಕೊನೆಯನ್ನು, ಆನೆ ದಾಟಲು ಕಾದು ಶಾಲೆಗೆ ಬರುವ ಮಕ್ಕಳು ಸರಿ ಎಂದರು. ನನಗೆ ಹೆಮ್ಮೆಯಾಯಿತು. ಜೊತೆಗೆ ಇನ್ನೊಂದು ಯೋಚನೆಯೂ ಹೊಕ್ಕಿತು, ಅದನ್ನು ಮಕ್ಕಳಿಗೆ ಹೇಳಲಿಲ್ಲ. ಮೂರನೆಯ ಸಲ ನೋಡಿದಾಗ ಗುಡಾಣನ ಕುಣಿತ ನನಗೆ ಸುಳ್ಳು ಅನ್ನಿಸಿರಲಿಲ್ಲ. ದಾರ ಎಳೆಯುತ್ತಿದ್ದವರು ಯಾರೋ ಇದ್ದರು, ನಿಜ. ಆದರೂ ಅವನು ಸಂತೋಷವಾಗಿದ್ದ ಹಾಗೆ ಕಂಡಿತು.

ಕಡೆಯ ದಿನವೂ ಅರ್ಜಿಯ ಗುಂಡಿ ಒತ್ತಲಿಲ್ಲ. ಭಾನುವಾರ ಜಗಲಿಯಲ್ಲಿ ಕುಳಿತು ನಾನೇ ಫೋನು ಮಾಡಿದೆ.

"ಅಕ್ಕಾ, ಈ ವರ್ಷ ಹಾಕಲಿಲ್ಲ. ನೆಟ್‌ವರ್ಕ್ ಇತ್ತು. ನಾನೇ ಹಾಕಲಿಲ್ಲ."

ಆ ಕಡೆ ಓಣಿಯ ಮಗ್ಗದ ಸದ್ದು ಕೇಳುತ್ತಿತ್ತು. ಅದರ ಮೇಲೆ ದನಿ ಏರಿಸಿ ಅಕ್ಕ, "ಹಂಗಾದ್ರ ನಾನೇ ಬರ್ತೀನಿ ಬೇಸಿಗೀಗೆ. ಒಂದು ಇಡೀ ಹಲಸಿನಹಣ್ಣು ತಂದಿಡು, ನಾನೂ ಎಂದೂ ತಿಂದಿಲ್ಲ" ಎಂದಳು.

"ಅಯ್ಯೋ, ಇಲ್ಲಿ ಮಾಗಿದ ಹಣ್ಣು ಮನೆಯಲ್ಲಿ ಇಡಲಿಕ್ಕಿಲ್ಲ ಅಕ್ಕ. ಆನೆ ಬರ್ತದೆ."

"ಬರ್ತದೆ!" ಅಕ್ಕ ಜೋರಾಗಿ ನಕ್ಕಳು. "ಬರ್ತೈತಿ ಅನ್ನೂದು ಮರ್ತಿ? ನೀ ಪೂರಾ ಅಲ್ಲಿಯಾಕಿ ಆಗೀ ಬಿಡು."

"ಹಂಗೇನಿಲ್ಲ ಬೇ," ಎಂದು ನಾನು ನಮ್ಮ ಮಾತಿಗೆ ಹೊರಳಿದೆ. ಅವ್ವನ ಮೊಣಕಾಲು, ಓಣಿಯ ಬೋರವೆಲ್ಲು, ಯಾರ ಮದುವೆ ಯಾವಾಗ, ಎಲ್ಲ ಕೇಳಿದೆ. ಗಂಟಲು ಸಡಿಲವಾಗಿ ಧ್ವನಿ ದೊಡ್ಡದಾಯಿತು. ಅರ್ಧ ತಾಸಾದ ಮೇಲೆ ಫೋನಿಟ್ಟು ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಪಾರ್ವತಕ್ಕ ನಿಂತಿದ್ದರು, ಕೈಯಲ್ಲಿ ನನ್ನ ಕಾಫಿ ಲೋಟ.

"ಊರಿನವರ ಹತ್ತಿರ ಮಾತಾಡುವಾಗ ನೀವು ಬೇರೆ ಯಾರೋ ಆಗ್ತೀರಿ ಟೀಚರೇ," ಎಂದರು. "ಮನೆಗೆ ಯಾರು ಬಂದ್ರು ಅಂತ ನೋಡ್ಲಿಕ್ಕೆ ಬಂದೆ."